ಒಡೆಯಬಾರದ ಕಾಯಿ

6 ಜನವರಿ, ಸೋಮವಾರ. ಬೆಳಿಗ್ಗೆ 6.40

'ಕಾಯುವುದೆಂದರೆ ಒಳಗೊಳಗೇ ಹಣ್ಣಾಗುವುದು' — ಹೀಗೇ ಇತ್ತೇ ಆ ಸಾಲು? ಎಂ.ಎ. ಓದುವಾಗ ಎಲ್ಲೋ ಕಂಡದ್ದು. ಮುಂದಿನದು ನೆನಪಿಲ್ಲ. ನೆನಪಿರುವಷ್ಟೂ ಸುಳ್ಳು ಅನ್ನಿಸುತ್ತದೆ. ನಮ್ಮ ಅಟ್ಟದ ಮೇಲಿನ ಕಾಯಿಗಳು ಕೊಬ್ಬರಿಯಾಗಲು ಹನ್ನೊಂದು ತಿಂಗಳು ಕಾಯುತ್ತವೆ. ಹಣ್ಣಾಗುವುದಿಲ್ಲ. ನೀರು ಇಂಗಿ, ಒಣಗಿ, ಕರಟದೊಳಗೆ ಲೊಟಲೊಟ ಅನ್ನುತ್ತವೆ.

ಅಟ್ಟದ ಕೆಳಗೆ ನನ್ನ ತಮ್ಮ ಮಹಾಂತೇಶನೂ ಕಾಯುತ್ತಿದ್ದಾನೆ. ನಲವತ್ತೊಂದು ವರ್ಷ. ಮದುವೆಯಾಗಿ ಏಳು. ಮೊದಲ ಮಗು. ಹೆಂಡತಿ ಜೀವಿತಾಗೆ ಎಂಟನೇ ತಿಂಗಳು ನಡೆಯುತ್ತಿದೆ. ಬಸುರಿ ಅವಳು, ಸುಸ್ತು ಇವನಿಗೆ. ಮೊಬೈಲಿನಲ್ಲೊಂದು ಆ್ಯಪ್. ಮಗು ಈ ವಾರ ಯಾವುದರ ಗಾತ್ರ ಅಂತ ಹೇಳುತ್ತದೆ.

"ಅಕ್ಕ, ಈ ವಾರ ತೆಂಗಿನಕಾಯಿ ಅಂತೆ ಕಣಕ್ಕ!"

"ಯಾವ್ದುಲಾ? ಎಳನೀರೋ, ಬಲ್ತಿದ್ದೋ, ಅಟ್ಟ ಸೇರಿದ್ದೋ?"

ಅವನು ನಿಜಕ್ಕೂ ಯೋಚನೆಗೆ ಬಿದ್ದ. ಇಂಥವನು ತಂದೆಯಾಗುತ್ತಾನೆ.

14 ಜನವರಿ, ಸಂಕ್ರಾಂತಿ

ಎಳ್ಳು ಬೀರಲು ಬಂದವರೆಲ್ಲ ಇವನ ಗಡ್ಡ ನೋಡಿ ನಕ್ಕರು. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ಕಾಯಿ ಒಡೆಯಬಾರದು — ಅಮ್ಮ ಇದ್ದಾಗ ಹೇಳುತ್ತಿದ್ದದ್ದು. ಅದು ದೇವರ ಮುಂದಿನ ಕಾಯಿಗೆ. ಇವನು ಅಟ್ಟದ ಕಾಯಿಗೂ ಹಿಗ್ಗಿಸಿಕೊಂಡಿದ್ದಾನೆ! ಕರಟ ಒಡೆದು ಕೊಬ್ಬರಿ ತೆಗೆಯಲು ನಾನು, ಪಕ್ಕದ ಮನೆಯ ಅಂಕಮ್ಮ. ಇವನು ಚೀಲದ ಬಾಯಿ ಹಿಡಿದು ನಿಲ್ಲುತ್ತಾನೆ. ಬಿ.ಕಾಂ. ಪದವೀಧರ. ಒಂದು ಕೈಯಲ್ಲಿ ಆ್ಯಪ್, ಇನ್ನೊಂದರಲ್ಲಿ ಅಮ್ಮನ ಮಾತು. ಸ್ವಂತ ಬುದ್ಧಿ ಹಿಡಿಯಲು ಮೂರನೇ ಕೈ ಬೇಕು.

ತೊಟ್ಟಿಲಿಗೆ ಎಣ್ಣೆ ಹಚ್ಚಿದ್ದು ನಾಲ್ಕನೇ ಸಲ. ಆಮೇಲೆ ಜೀವಿತಾಳ ಹೊಟ್ಟೆಯ ಹತ್ತಿರ ಬಗ್ಗಿ, "ಅಪ್ಪ ಕಣೋ, ಅಪ್ಪ... ಕೇಳುಸ್ತಾ?" — ನೆಟ್‌ವರ್ಕ್ ಸಿಗದವನ ಹಾಗೆ. ಅವಳು ನಗುತ್ತಾಳೆ. ಅವಳಿಗೆ ಅದು ಚೆಂದ. ಇರಲಿ.

ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆಗ ನಾನೇ ಏಳು ವರ್ಷದವಳು. ಯಾವ ಆ್ಯಪೂ ಇರಲಿಲ್ಲ.

1 ಫೆಬ್ರವರಿ, ಶನಿವಾರ. ಸಂಜೆ

ನಾಳೆ ಕೊಬ್ಬರಿಗೆ ಗಾಡಿ ಬರುತ್ತದೆ. ಅಂಕಮ್ಮ ಕಂದಿಕೆರೆಗೆ, ಮಗಳ ಮನೆಗೆ ಹೋಗಿದ್ದಾಳೆ. ಬೆಳಿಗ್ಗೆಯಿಂದ ಒಬ್ಬಳೇ ಒಡೆದೆ. ಮಣಿಕಟ್ಟು ಊದಿತು. ಅವನು ಚೀಲ ಹಿಡಿದು ನಿಂತೇ ಇದ್ದ.

"ನೀನೂ ಕೂತ್ಕೊಳೋ."

"ಬ್ಯಾಡ ಕಣಕ್ಕ. ಇನ್ನೊಂದ್ ತಿಂಗ್ಳು. ಆಮೇಲೆ ಎಲ್ಲಾ ನಾನೇ ಒಡೀತೀನಿ, ನೀನು ಕೂತ್ಕೊಂಡು ಪುಸ್ತಕ ಓದು."

"ಕೊಬ್ರಿಗೂ ಕೂಸಿಗೂ ಏನ್ಲಾ ಸಂಬಂಧ? ಒಂದು ಕರಟಕ್ಕೆ ಹೆದ್ರೋನು, ನೀನೇನು ಅಪ್ಪ ಆಗ್ತೀಯ!"

ಹೀಗೇ ಅಂದೆ. ಅವನು ಚೀಲ ಬಿಟ್ಟ. ಕೂತ. ಒಳಗೆ ಮಲಗಿದ್ದ ಜೀವಿತಾಳ ಕಡೆ ಒಮ್ಮೆ ತಿರುಗಿ ನೋಡಿದ. ಕಾಯಿ ಎತ್ತಿಕೊಂಡು ಮಚ್ಚಿನ ಹಿಂಬದಿಯಿಂದ ಒಂದು ಏಟು. ಕರಟದ ಜೊತೆಗೆ ಒಳಗಿನ ಕೊಬ್ಬರಿ ಉಂಡೆಯೂ ಎರಡು ಹೋಳಾಯಿತು. ಇಪ್ಪತ್ತು ವರ್ಷ ಉಂಡೆಗೆ ಗೀರೂ ಬೀಳದಂತೆ ಒಡೆದ ಕೈ.

"ಆಕಾಶ ಕಳಚ್ ಬಿತ್ತಾ?" ಅಂದೆ.

ಅವನು ಹೋಳುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಎದ್ದು ಹೋದ. ಹೋಗಲಿ. ಒಂದು ಮೌಢ್ಯವಾದರೂ ಮನೆಯಿಂದ ಹೊರಗೆ ಹೋಯಿತು.

2 ಫೆಬ್ರವರಿ, ಭಾನುವಾರ. ಬೆಳಿಗ್ಗೆ 8

ಆರು ಗಂಟೆಗೆ ಜೀವಿತಾಗೆ ನೋವು. ಇನ್ನೂ ಐದು ವಾರವಿತ್ತು. ಕಾರಿನಲ್ಲಿ ತಿಪಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನೂ ಹತ್ತಲು ಹೋದೆ.

"ನೀನು ಇರಕ್ಕ."

ಅಷ್ಟೇ. ಮುಖ ನೋಡಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಐದು ವಾರ ಮೊದಲೇ ನೋವು ಬರಲು ನೂರು ಕಾರಣ. ಕರಟ ಅದರಲ್ಲಿ ಒಂದಲ್ಲ.

11.30

ಫೋನಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ಗಾಡಿಯವನು ಬಂದ, ನಾಳೆ ಬಾ ಅಂದು ಕಳಿಸಿದೆ. ಕರಟ ಅದರಲ್ಲಿ ಒಂದಲ್ಲ — ಈ ಸಾಲನ್ನು ಬೆಳಿಗ್ಗೆಯೇ ಬರೆದಿದ್ದೇನೆ. ಮತ್ತೆ ಯಾಕೆ?

ಅಂಗಳದಲ್ಲಿ ಇನ್ನೂ ಒಡೆಯದ ರಾಶಿ. ಸುಮ್ಮನೆ ಕೂರಲಾರದೆ ಒಂದು ಕಾಯಿ ಎತ್ತಿಕೊಂಡೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಮಚ್ಚು ಎತ್ತಿದೆ. ಒಡೆಯಲಾಗಲಿಲ್ಲ. ಮೆಲ್ಲಗೆ ಕೆಳಗಿಟ್ಟೆ, ಸದ್ದಾಗದ ಹಾಗೆ.

ಎಂ.ಎ., ಪ್ರಥಮ ದರ್ಜೆ. ಥೂ.

12.50

ಅಂಕಮ್ಮ ಬಂದಳು. ಊರಿಂದ ಬಂದ ಬ್ಯಾಗು ಇನ್ನೂ ಹೆಗಲಲ್ಲೇ. ಹೊಸ್ತಿಲ ಆಚೆ ನಿಂತು, ಬಾಯಿ ತುಂಬ ನಗು.

"ಹೆಣ್ ಕೂಸಂತಲ್ಲ ಗಿರಿಜಮ್ಮ! ಸಣ್ಣಕ್ ಐತಂತೆ, ಆದ್ರೂ ಗಟ್ಟಿಯಾಗಿ ಅತ್ತಂತೆ. ತಾಯೂ ಚೆಂದಾಗವ್ಳಂತೆ. ಹತ್ತು ಗಂಟೇಲಿ, ನಾನಿನ್ನೂ ಬಸ್ಸಲ್ಲಿದ್ದೆ, ಆಗ್ಲೇ ಫೋನ್ ಮಾಡಿತ್ತು ನಿಮ್ ತಮ್ಮಯ್ಯ..."

ನನ್ನ ಮುಖ ನೋಡಿದಳು. ನಗು ನಿಂತಿತು.

"ಯಾಕ್ರಮ್ಮ... ನಿಮ್ಗೆ ಮಾಡ್ನಿಲ್ವಾ?"