ಪ್ಲಾಸ್ಟರಿನ ಅಡ್ಡಕೋಲು

ಭಾನುವಾರ, ಸಂಜೆ

ಗುಬ್ಬಿಯ ಅಪ್ಪನಿಗೆ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮನೆಯ ಕಡೆ ತಲೆಹಾಕುವುದಿಲ್ಲ. ಇನ್ನು ಉಳಿದಿದ್ದು ಕಾಗದವೊಂದೇ. ಇದನ್ನಾದರೂ ಕೊನೆಯವರೆಗೆ ಓದಿ.

ಜಾರುಬಂಡೆಯಿಂದ ಬಿದ್ದು ಮುರಿದದ್ದು ಮುರಿಯಿತು; ಅದಕ್ಕಿಂತ ಹೆಚ್ಚಿಗೆ ಮಗಳ ಕಾಲಿಗೆ ನಿಮ್ಮಿಂದ ಏನೂ ಆಗಿಲ್ಲ. ಎದೆಯಿಂದ ಪಾದದವರೆಗೆ ಹಾಕಿದ ಪ್ಲಾಸ್ಟರಿನಲ್ಲಿ ಎರಡು ಕಾಲುಗಳ ನಡುವೆ ಅಡ್ಡಕೋಲು ಇದೆಯಲ್ಲ, ಅದನ್ನು ನೀವು ಸೂಟ್‌ಕೇಸಿನ ಹಿಡಿಯಂತೆ ಹಿಡಿದು ಅವಳನ್ನು ಎತ್ತಿದಿರಿ. ಅದು ಲಟಕ್ಕೆಂದಿತು, ಅವಳು ಕಿರುಚಿದಳು. ಆಸ್ಪತ್ರೆಗೆ ಬರುವ ಅಪ್ಪಂದಿರೆಲ್ಲ ಅದಕ್ಕೇ ಕೈ ಹಾಕುತ್ತಾರಂತೆ. ಪ್ಲಾಸ್ಟರ್ ಹಾಕುವವರು ನಗುತ್ತಲೇ ಹೊಸ ಕೋಲು ಕೂರಿಸಿಕೊಟ್ಟರು.

ಆಮೇಲೆ ತೆಗೆದ ಎಕ್ಸ್‌ರೇ ನೋಡಿ ನೀವು ಹೊರಟೇಹೋದಿರಿ. ತೊಡೆಮೂಳೆಯ ಎರಡು ತುಂಡುಗಳು ತುದಿಗೆ ತುದಿ ಕೂಡದೆ, ಒಂದರ ಪಕ್ಕಕ್ಕೊಂದು ಸರಿದು ನಿಂತಿದ್ದವು. ನನಗೂ ಜೀವ ಬಾಯಿಗೆ ಬಂದಿತ್ತು. ಡಾಕ್ಟರಮ್ಮ ಮೊದಲ ದಿನದ ಎಕ್ಸ್‌ರೇಯನ್ನು ಪಕ್ಕದಲ್ಲಿಟ್ಟು ತೋರಿಸಿದರು. ಅದರಲ್ಲೂ ಹಾಗೇ ಇದೆ. ಈಗ ಆ ಕಾಲು ತುಸು ಗಿಡ್ಡ ಇರಲೆಂದು ಬೇಕೆಂದೇ ಅಷ್ಟು ಬಿಟ್ಟಿದ್ದಾರೆ. “ಐದು ವರ್ಷದ ಮಗು. ಮುರಿದ ಮೂಳೆ ಕೂಡ್ಕೊಂಡ ಮೇಲೆ ಇನ್ನೊಂದು ಕಾಲಿಗಿಂತ ಜೋರಾಗಿ ಬೆಳೆಯುತ್ತಮ್ಮ. ಈಗಲೇ ಸಮ ಮಾಡಿದ್ರೆ ಆಮೇಲೆ ಆ ಕಾಲೇ ಉದ್ದ ಆಗ್ಬಿಡುತ್ತೆ,” ಎಂದರು. ಹರೆಯದ ಮಕ್ಕಳಾದರೆ ಮೂಳೆಯೊಳಗೆ ಸರಳು ಹಾಕಬೇಕಂತೆ. ಇವಳಿಗೆ ಇಷ್ಟು ಸಾಕು. ನೀವು ಇನ್ನೊಂದು ನಿಮಿಷ ನಿಂತಿದ್ದರೆ ಇದೆಲ್ಲ ನಿಮ್ಮ ಕಿವಿಗೂ ಬೀಳುತ್ತಿತ್ತು.

ಗುಬ್ಬಿ ಈಗ ಬೋರಲಾಗಿ ಮಲಗಿ ಚಿತ್ರ ಬಿಡಿಸುತ್ತಾಳೆ. ಪ್ಲಾಸ್ಟರಿನೊಳಗೆ ತುರಿಕೆ ಶುರುವಾದರೆ ಮಾತ್ರ ಭೂಮಿ ಆಕಾಶ ಒಂದು ಮಾಡುತ್ತಾಳೆ. ನೀವು ಬರದಿರುವುದಕ್ಕೆ ಕೆಲಸ ಜಾಸ್ತಿಯೆಂದು ಹೇಳಿ ನೋಡಿದೆ. ನಂಬಲಿಲ್ಲ. “ನಾನು ಕಿರುಚಿದ್ದಕ್ಕೆ ಅಪ್ಪಂಗೆ ಕೋಪ ಬಂತಾ?” ಎಂದು ಕೇಳಿದಳು. ಆಗಲೇ ಈ ಕಾಗದ ಬರೆಯಲು ಕೂತೆ.

ನಮ್ಮಿಬ್ಬರ ಜಗಳ ಬೇರೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಬೇರೆ ಮನೆ ಮಾಡಿದಾಗಿನಿಂದ ನಾನು ನಿಭಾಯಿಸಿಕೊಂಡು ಹೋಗುತ್ತಿದ್ದೇನೆ. ಅವಳ ಮಗ್ಗುಲು ಬದಲಾಯಿಸಲು ಇಬ್ಬರು ಬೇಕು, ಒಬ್ಬರು ಎದೆಯ ಹತ್ತಿರ, ಒಬ್ಬರು ಕಾಲಿನ ಹತ್ತಿರ. ಅದಕ್ಕೆ ಪಕ್ಕದ ಮನೆಯ ಟೈಲರ್ ಅಕ್ಕ ಇದ್ದಾರೆ. ಹಾಗಾಗಿ ನನಗೋಸ್ಕರ ಬರಬೇಕಾಗಿಲ್ಲ. ಅವಳಿಗೋಸ್ಕರ ಬನ್ನಿ.

ಇಂತಿ,
ಗುಬ್ಬಿಯ ಅಮ್ಮ

ಮತ್ತೆ: ಟೈಲರ್ ಅಕ್ಕ ಮಗಳ ಮನೆಗೆ ಹೋಗಿ ವಾರವಾಯಿತು. ಬಾಗಿಲಿನ ಬೀಗ ಬದಲಾಯಿಸಿಲ್ಲ, ನಿಮ್ಮ ಹತ್ತಿರ ಇರುವ ಕೀಲಿಯೇ ಆಗುತ್ತದೆ.