ಏಳನೆಯ ಪ್ರಶ್ನೆಗೆ ಹಾಕಿದ ಗುರುತು

ಕಾರಿನೊಳಗಿಂದ,
ಗುರುವಾರ, ತಾರೀಖು ಒಂಬತ್ತು, ಮಧ್ಯಾಹ್ನ

ಪ್ರೀತಿಯ ಮನೆಯೊಡತಿಗೆ,

ಅತ್ತೆಯವರ ಸೊಂಟ ಹೇಗಿದೆ? ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರೆಂದು ನೀನು ಹೇಳಿದ ಮೇಲೆ ಸಮಾಧಾನವಾಯಿತು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಅವರ ತಟ್ಟೆಯಲ್ಲಿ ಉಳಿದದ್ದನ್ನು ತಿಂದು ಊಟವಾಯಿತು ಎನ್ನುವ ನಿನ್ನ ಚಾಳಿ ನನಗೆ ಗೊತ್ತಿದೆ. ದಿನಾ ಫೋನ್ ಮಾಡುವವನು ಇದೇನು ಕಾಗದ ಬರೆಯುತ್ತಿದ್ದಾನೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಹೇಳಿದರೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಗಳಿಗೆ ಕೇಳಿಸುತ್ತದೆ, ಅಲ್ಲಿ ಅತ್ತೆಯವರಿಗೆ ಕೇಳಿಸುತ್ತದೆ. ಅದಕ್ಕೇ ಎರಡು ಗಂಟೆಗೆ ಕಲಿಯಲು ಬರುವವರು ಬರುವ ಮುಂಚೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕೂತು, ತೊಡೆಯ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಕಳೆದ ವಾರ ಮಗಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿನಗೆ ಫೋನಿನಲ್ಲಿ ಎಲ್ಲ ಸರಿಯಿದೆ ಎಂದೇ ಹೇಳುತ್ತಾಳೆ, ಆದರೆ ನೀನು ತವರಿಗೆ ಹೋದ ಈ ಎರಡು ತಿಂಗಳಲ್ಲಿ ಮೊಡವೆ ವಿಪರೀತವಾಗಿದೆ. ಗಲ್ಲದ ತುಂಬ ಗಂಟುಗಂಟಾಗಿ ಕೀವು ಕಟ್ಟಿ, ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ ಇರುತ್ತದೆ. ನನಗೆ ಕಾಣದಂತೆ ತಾನೇ ಒಗೆದು ಹಾಕುತ್ತಾಳೆ. ಬಚ್ಚಲಿನ ಕನ್ನಡಿಗೆ ಟವೆಲ್ ಹೊದಿಸಿದ್ದಾಳೆ. ಅದನ್ನು ತೆಗೆಯುವ ಧೈರ್ಯ ನನಗಿಲ್ಲ, ಅಂದಾಜಿನ ಮೇಲೆ ಗಡ್ಡ ಹೆರೆದು ಎರಡು ಸಲ ಕೊಯ್ದುಕೊಂಡಿದ್ದೇನೆ. ಕಾಲೇಜಿನ ಗ್ರೂಪ್ ಫೋಟೊ ದಿನ ಹೊಟ್ಟೆನೋವೆಂದು ಮಲಗಿದಳು. ಹದಿನೇಳರ ಹುಡುಗಿ ಹೀಗೆ ಮುಖ ಮರೆಸಿಕೊಂಡು ಓಡಾಡುವುದನ್ನು ನೋಡಲಾಗುವುದಿಲ್ಲ.

ಡಾಕ್ಟರಮ್ಮ ನಿಧಾನಸ್ಥೆ. ದೀಪದ ಕೆಳಗೆ ಕೂರಿಸಿ ಒಂದೊಂದು ಗಂಟನ್ನೂ ನೋಡಿ, ಇದು ಮುಲಾಮಿಗೆ ಬಗ್ಗುವುದಲ್ಲ, ಆರು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು ಎಂದರು. ತುಟಿ ಒಣಗುತ್ತದೆ, ಆಗಾಗ ರಕ್ತಪರೀಕ್ಷೆ ಬೇಕು, ಅಪರೂಪಕ್ಕೆ ಕೆಲವರಿಗೆ ಮನಸ್ಸು ಕುಗ್ಗುವುದೂ ಉಂಟು ಎಂದು ಹೇಳಿ, ಹೌದು ಇಲ್ಲ ಎಂದು ಗುರುತು ಹಾಕುವ ಒಂದು ಹಾಳೆ ಕೊಟ್ಟರು. ಮಗಳು ಓದುತ್ತಾ ಹೋದಳು, ನಾನು ಗುರುತು ಹಾಕುತ್ತಾ ಹೋದೆ. ಏಳನೆಯ ಪ್ರಶ್ನೆ, ಮನೆಯಲ್ಲಿ ಯಾರಾದರೂ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದಾರೆಯೇ ಎಂದು. ಅವಳು ನಕ್ಕು, "ನಮ್ಮನೇಲಿ ಯಾರಿಗೂ ಇಲ್ಲ, ಅಲ್ವಾ ಅಪ್ಪ?" ಎಂದಳು. ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದೆ.

ನಿನಗೆ ಮಾತು ಕೊಟ್ಟಿದ್ದೆನಲ್ಲ. ಅವಳು ಹುಟ್ಟಿದ ಮೇಲಿನ ಆ ಎಂಟು ತಿಂಗಳು ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ, ಮಗು ಅತ್ತರೂ ತಿರುಗುತ್ತಿರಲಿಲ್ಲ. ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಉದ್ದಕ್ಕೂ ಅಡ್ಡಾಡುತ್ತಿದ್ದೆ. ಆಮೇಲೆ ಒಂದು ವರ್ಷ ನಿನಗೆ ಮಾತ್ರೆ. ಗುಣವಾದ ದಿನ ನನ್ನ ಕೈ ಹಿಡಿದು ಹೇಳಿದ್ದೆ, "ತಾನು ಹುಟ್ಟಿದ್ದಕ್ಕೇ ಅಮ್ಮಂಗೆ ಹಾಗಾಯ್ತು ಅಂತ ಅವಳಿಗೆ ಯಾವತ್ತೂ ಅನ್ನಿಸಬಾರದು" ಎಂದು. ಇಷ್ಟು ವರ್ಷ ತುಟಿ ಪಿಟಕ್ಕೆನ್ನಲಿಲ್ಲ.

ಆದರೆ ಈಗ ಹೆದರಿಕೆಯಾಗುತ್ತಿದೆ. ನಿನ್ನೆ ಒಬ್ಬನೇ ಹೋಗಿ ಡಾಕ್ಟರಮ್ಮನ ಎದುರು ತಪ್ಪೊಪ್ಪಿಕೊಂಡೆ. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಹೌದು ಅಂದಿದ್ರೂ ಮಾತ್ರೆ ಕೊಡ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಕರೆಸಿ ನೋಡ್ತಿದ್ದೆ, ಅಷ್ಟೆ. ಆದ್ರೆ ನುಂಗೋಳು ಅವಳು. ಯಾಕೆ ಹುಷಾರಾಗಿರಬೇಕು ಅಂತ ಅವಳಿಗೆ ಗೊತ್ತಾಗೋವರೆಗೂ ಶುರು ಮಾಡಬೇಡಿ" ಎಂದರು. ಮಗಳು ಆಗಲೇ ಮಾತ್ರೆ ಶುರು ಮಾಡಲು ಕ್ಯಾಲೆಂಡರಿನಲ್ಲಿ ಬರುವ ಸೋಮವಾರಕ್ಕೆ ಸುತ್ತು ಹಾಕಿಕೊಂಡಿದ್ದಾಳೆ. ತಂದ ಮಾತ್ರೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಚ್ಚಿಟ್ಟು, ಅಂಗಡಿಯಲ್ಲಿ ಇಲ್ಲವಂತೆ ಎಂದು ಇನ್ನೊಂದು ಸುಳ್ಳು ಹೇಳಿದ್ದೇನೆ. ಕಲಿಯುವವರ ಪಕ್ಕ ಕೂತು ಬ್ರೇಕ್ ಒತ್ತುವುದೇ ನನ್ನ ಕಸುಬು. ಬ್ರೇಕ್ ಮೇಷ್ಟ್ರು ಎಂದು ಅವಳು ನನ್ನನ್ನು ಆಡಿಕೊಳ್ಳುವುದೂ ಅದಕ್ಕೇ. ಆದರೆ ಇದನ್ನು ಎಷ್ಟು ದಿನ ಒತ್ತಿ ಹಿಡಿಯಲಿ? ಅವಳಿಗೆ ಹೇಳಲು ಒಪ್ಪಿಗೆ ಕೊಡು, ನಿನ್ನ ದಮ್ಮಯ್ಯ.

ಅತ್ತೆಯವರಿಗೆ ನಮಸ್ಕಾರ ತಿಳಿಸು. ಎರಡು ಗಂಟೆಯವರು ಬಂದು ಕಾರಿನ ಗಾಜು ತಟ್ಟುತ್ತಿದ್ದಾರೆ.

ನಿನ್ನವನೇ ಆದ
ಬ್ರೇಕ್ ಮೇಷ್ಟ್ರು

ತಾ.ಕ.: ಶುಕ್ರವಾರ ಬೆಳಿಗ್ಗೆ. ಒಪ್ಪಿಗೆ ಕೇಳುವ ಹೊತ್ತು ಮೀರಿತು. ನಿನ್ನೆ ಸಂಜೆ ಕನ್ನಡಕ ತಾ ಎಂದು ನಾನೇ ಅವಳನ್ನು ಕಾರಿಗೆ ಕಳಿಸಿದೆ, ನನ್ನ ಬುದ್ಧಿಗಿಷ್ಟು. ಮಾತ್ರೆ ಹಿಡಿದುಕೊಂಡು ಬಂದು, "ನನ್ನ ಮುಖ ಹೀಗೇ ಇರಲಿ ಅಂತಾನಾ?" ಎಂದಳು. ಎಲ್ಲ ಹೇಳಿಬಿಟ್ಟೆ. ಅಳಲಿಲ್ಲ. ಒಂದೇ ಕೇಳಿದಳು, "ಆಗ ಅಮ್ಮ ನನ್ನನ್ನ ಎತ್ಕೊಳ್ತಿದ್ಲಾ?" ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಅಮ್ಮನನ್ನೇ ಕೇಳು ಎಂದೆ. ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ; ನಿಮ್ಮ ಕಡೆಯ ಬಸ್ಸಿನ ಡ್ರೈವರ್ ನನ್ನ ಹಳೆಯ ಶಿಷ್ಯ, ಅವನ ಕೈಯಲ್ಲಿ ಕೊಡುತ್ತೇನೆ. ಅತ್ತೆಯವರನ್ನು ಎರಡು ದಿನ ನಿನ್ನ ತಮ್ಮ ನೋಡಿಕೊಳ್ಳಲಿ, ನಾಳೆ ಅದೇ ಬಸ್ಸು ಹತ್ತಿ ಬಾ. ಮಾತ್ರೆಯ ಡಬ್ಬಿ ಅಡುಗೆಮನೆಯ ಮೇಜಿನ ಮೇಲಿದೆ, ಇನ್ನೂ ತೆರೆದಿಲ್ಲ. ನೀನು ಬಂದ ಮೇಲೆ ಶುರು ಮಾಡುತ್ತಾಳಂತೆ.