ಮೂರು ಚಿಪ್ಪಿನ ಪ್ರಾಣಿ

ಡೊಂಬಿವಲಿ ಪೂರ್ವ
೧೪-೨-೨೦೨೫

ಪ್ರೀತಿಯ ತಂಗಿ ಜಲಜಾಕ್ಷಿಗೆ,

ನಿನ್ನ ಅಕ್ಕ ಮೋಹಿನಿಯ ಆಶೀರ್ವಾದಗಳು. ನಾವು ಕ್ಷೇಮ, ಥಾಣೆಯಲ್ಲಿ ನೀವೂ ಹಾಗೇ ಎಂದು ನಂಬಿದ್ದೇನೆ. ಕಾಲೇಜಿನ ಪ್ರದರ್ಶನದ ಫೋಟೋ ನೀನು ಕಳಿಸಿ ಹದಿನೈದು ದಿನವಾಯಿತು, ಉತ್ತರಿಸಲಿಲ್ಲ, ತಪ್ಪು ತಿಳಿಯಬೇಡ. ಫೋನಿನಲ್ಲಾದರೆ ನೀನು ನಕ್ಕು ಮಾತು ಮರೆಸುತ್ತೀಯ, ಅದಕ್ಕೇ ಈ ಕಾಗದ.

ಕಾಲೇಜು ಹತ್ತಿರವೆಂದು ಮಗಳನ್ನು ನಿನ್ನ ವರ್ತಕ ನಗರದ ಮನೆಯಲ್ಲಿ ಬಿಟ್ಟವಳು ನಾನೇ, ಯಾರನ್ನು ದೂರಲಿ? ಭಾನುವಾರ ಪ್ರೇಕ್ಷಾ ಬಂದು ಚಿತ್ರಗಳನ್ನು ಹರಡಿದಳು. ಪ್ರದರ್ಶನಕ್ಕೆ ಲೋಕದಲ್ಲಿಲ್ಲದ ಒಂದು ಪ್ರಾಣಿಯನ್ನು ಹುಟ್ಟಿಸಬೇಕಿತ್ತಂತೆ. ಮೊದಲು ಅದು ಬಸವನಹುಳುವಿನಂತೆ ಕಡಲ ತಳದಲ್ಲಿ ತೆವಳುತ್ತಿತ್ತಂತೆ. ತಲೆಮಾರುಗಳು ಕಳೆದಂತೆ ಬಂಡೆಗೆ ಅಂಟಿಕೊಂಡಿತು, ಕಾಲು ಸೊರಗಿತು, ತಲೆಯೂ ಹೋಯಿತು. ಕಿವಿರು ಮಾತ್ರ ಜರಡಿಯಷ್ಟು ಅಗಲವಾಯಿತು. ಒಂದು ನಳಿಗೆಯಲ್ಲಿ ನೀರು ಎಳೆದು, ಸಿಕ್ಕಿದ ಅಣುವಷ್ಟು ಆಹಾರ ತಿಂದು, ಇನ್ನೊಂದರಲ್ಲಿ ಹೊರಬಿಡುತ್ತದೆ. ಮುಚ್ಚಿಕೊಳ್ಳಲು ಮೂರು ಚಿಪ್ಪು.

"ಮೂರನೇದು ಚಿಕ್ಕಮ್ಮನ ಐಡಿಯಾ!" ಎಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೂ ಬಾಯಿ ಸುಮ್ಮನಿರಲಿಲ್ಲ. "ಎರಡು ನಳಿಗೆಯೂ ಅಕ್ಕಪಕ್ಕ ಇದ್ರೆ ತಾನು ಬಿಟ್ಟ ಕೊಳೆಯನ್ನೇ ಕುಡೀಬೇಕಲ್ವಾ ಮಗಾ? ಸಾರಿಗೆ ತಂದ ಮರುವಾಯಿ ಚಿಪ್ಪನ್ನು ಉಪ್ಪುನೀರಲ್ಲಿಟ್ರೆ ಮರಳು ಎಷ್ಟು ದೂರ ಉಗೀತದೆ, ನೋಡಿದ್ದೀಯಲ್ಲ" ಎಂದೆ.

"ಮಮ್ಮಿ, ಆಪ್‌ಕೋ ನಹೀಂ ಸಮಝೇಗಾ" ಎಂದು ಚಿತ್ರ ಮಡಚಿದಳು, ನನಗೆ ಅರ್ಥವಾಗುವುದಿಲ್ಲವಂತೆ. ಮರುವಾಯಿ ತೊಳೆಯಲು ಅವಳಿಗೆ ಆರನೇ ವಯಸ್ಸಿನಲ್ಲಿ ಕಲಿಸಿದವಳು ನಾನು, ಜಲಜಾ. ನಿನ್ನ ಹತ್ತಿರ ಗಂಟೆಗಟ್ಟಲೆ ಕನ್ನಡ, ನನಗೆ ಹಿಂದಿಯಲ್ಲಿ ಒಂದು ವಾಕ್ಯ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು? ನಿನಗೆ ಮನೀಷ್, ರಂಜನ್ ಇಬ್ಬರಿದ್ದಾರೆ. ನನಗಿರುವುದು ಇವಳೊಬ್ಬಳೇ.

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಪ್ಪಿಸಬೇಡ. ಅವಳು ಬೆಳಿಗ್ಗೆ ತಿಂಡಿ ಬಿಟ್ಟು ಓಡುತ್ತಾಳೆ, ಬಿಡಬೇಡ. ಮಕ್ಕಳಿಗೆಲ್ಲ ಒಳ್ಳೆಯದಾಗಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಮೋಹಿನಿ

ತಾ.ಕ.: ಪ್ರದರ್ಶನದ ದಿನ ನಾನೂ ಬಂದಿದ್ದೆ, ಹೇಳದೆ ಬಂದರೆ ಖುಷಿಪಡುತ್ತಾಳೆಂದು. ಬಾಗಿಲ ಹತ್ತಿರ ಬರುವಾಗ ಅವರ ಸರ್ ನಿನ್ನನ್ನು ತೋರಿಸಿ, "ಯೇ ತುಮ್ಹಾರೀ ಮಮ್ಮಿ?" ಎಂದು, ನೀನು ಅವಳ ತಾಯಿಯೇ ಎಂದು, ಪ್ರೇಕ್ಷಾಳನ್ನು ಕೇಳುತ್ತಿದ್ದರು. ಅವಳು "ಹಾಂ ಸರ್" ಎಂದಳು. ನೀನು ಅಲ್ಲವೆನ್ನಲಿಲ್ಲ, ಅವಳ ತಲೆ ಸವರಿದೆ. ನಾನು ಅಲ್ಲಿಂದಲೇ ಸ್ಟೇಷನ್ನಿಗೆ ತಿರುಗಿದೆ. ನಾನು ಬಂದಿದ್ದೆನೆಂದು ಅವಳಿಗೆ ಹೇಳಬೇಡ, ನಿನಗೆ ಮಾತ್ರ ತಿಳಿದಿರಲಿ.